ಗಾಜಿನ ಗುಂಡಿನೊಳಗೆ ಮಾವನ ಬಸ್ಸು

"ಇಡೀ ಕಾಗವಾಡ ಬಾಯಿ ತೆರಕೊಂಡು ನೋಡಬೇಕು, ಹಂಥಾ ಫ್ಲೆಕ್ಸ್ ಮಾಡ್ತೀನಿ!"

ಹೀಗೆಂದು ಘೋಷಿಸಿ ಸಮಾಧಾನ ಚಹಾದ ಕಪ್ಪನ್ನು ಮೇಜಿಗೆ ಕುಟ್ಟಿದ. ಘೋಷಣೆ ಗಾಳಿಯಲ್ಲಿ ತೇಲಿತು. ಕಪ್ಪು ಮೇಜಿನ ಮೇಲೆ ಉಳಿಯಿತು. ಹಿಡಿಕೆ ಮಾತ್ರ ಅವನ ಬೆರಳಿನಲ್ಲಿ ಉಂಗುರದಂತೆ ನೇತಾಡಿತು.

"ಮೊದಲ ಕಪ್ಪಿಗೆ ಹಿಡಿಕಿ ಹಚ್ರಿ. ಆಮ್ಯಾಲ ಕಾಗವಾಡದ ಬಾಯಿ ತೆಗೆಸಾಕ ಹೋಗ್ರಿ" ಎಂದಳು ಹೆಂಡತಿ ನೀಲಮ.

ಇದು ಎರಡು ಸಾವಿರದ ಎಂಟರ ಬೇಸಿಗೆಯ ಮಾತು. ಹಾರೂಗೇರಿಯ ಬಸ್‌ಸ್ಟ್ಯಾಂಡಿನ ಎದುರಿಗೆ, ಗೊಬ್ಬರದ ಅಂಗಡಿಯ ಮೇಲಿನ ಮಹಡಿಯಲ್ಲಿ ಸಮಾಧಾನನ ಫೋಟೋ ಸ್ಟುಡಿಯೋ ಇತ್ತು. ಸ್ಟುಡಿಯೋದ ಹಿಂದಿನ ಎರಡು ಕೋಣೆಗಳೇ ಗಂಡ ಹೆಂಡಿರ ಸಂಸಾರ. ಒಂದು ಕಾಲಕ್ಕೆ ಆ ಸ್ಟುಡಿಯೋದ ಹೆಮ್ಮೆಯೆಂದರೆ ಗೋಡೆಗೆ ತೂಗುಹಾಕಿದ್ದ, ಜಲಪಾತದ ಚಿತ್ರ ಬರೆದಿದ್ದ ಪರದೆ. ಸುತ್ತಲಿನ ಊರುಗಳ ಹೊಸ ಮದುಮಕ್ಕಳೆಲ್ಲ ಅದರ ಮುಂದೆ ನಿಂತು ಬೆವರಿ ಹೋಗಿದ್ದರು. ಕಂಪ್ಯೂಟರ್ ಬಂದ ದಿನವೇ ಸಮಾಧಾನ ಆ ಜಲಪಾತವನ್ನು ಸುತ್ತಿ ಮಂಚದ ಕೆಳಗೆ ನೂಕಿದ.

ಆಗಿನ ಕಂಪ್ಯೂಟರೆಂದರೆ ಈಗಿನ ತೆಳ್ಳನೆಯ ಹಲಗೆಯಲ್ಲ. ಹಿಂದೆ ದೊಡ್ಡ ಗೂನು ಬೆನ್ನಿದ್ದ ಭಾರೀ ಪೆಟ್ಟಿಗೆ. ನೀಲಮ ಅದಕ್ಕೆ ಕಸೂತಿ ಹಾಕಿದ ಮುಸುಕು ಹೊಲಿದಿದ್ದಳು. ಫೋಟೋಶಾಪ್ ತೆರೆಯಲು ಗುಂಡಿ ಒತ್ತಿ, ಕೆಳಗಿಳಿದು ಹೋಟೆಲಿನಲ್ಲಿ ಚಹಾ ಕುಡಿದು, ಎಲೆ ಅಡಿಕೆ ಹಾಕಿಕೊಂಡು ಮೇಲೆ ಬರುವಷ್ಟರಲ್ಲಿ ಅದು ತೆರೆದುಕೊಳ್ಳುತ್ತಿತ್ತು. ಅಷ್ಟರಲ್ಲಿ ಕರೆಂಟ್ ಹೋಗಿರದಿದ್ದರೆ, ಅಷ್ಟೇ! ಹೋಗಿದ್ದರೆ ಮತ್ತೊಂದು ಚಹಾ. ಆ ವರ್ಷಗಳಲ್ಲಿ ಸಮಾಧಾನ ಕುಡಿದ ಚಹಾಕ್ಕೆ ಕರೆಂಟಿನವರೇ ಕಾರಣ.

ಆ ಬೇಸಿಗೆಯಲ್ಲಿ ಅವನ ಮಾವ ನಿವೃತ್ತನಾಗುವವನಿದ್ದ. ಮಾವ ಕಾಗವಾಡದವನು, ಸರಕಾರಿ ಬಸ್ಸಿನ ಡ್ರೈವರ್. ಮೀಸೆ ಬಂದಾಗ ಸ್ಟೇರಿಂಗ್ ಹಿಡಿದವನು, ಮೀಸೆ ಬೆಳ್ಳಗಾದರೂ ಬಿಟ್ಟಿರಲಿಲ್ಲ. ಇಷ್ಟು ಸರ್ವಿಸಿನಲ್ಲಿ ಅವನ ಗಾಡಿ ಒಂದು ಕೋಳಿಗೂ ತಾಕಿರಲಿಲ್ಲ. ಉಗಾರದ ಕಬ್ಬಿನ ಟ್ರ್ಯಾಕ್ಟರುಗಳ ಸಂತೆಯಲ್ಲಿ, ಮಿರಜಿನ ಇಕ್ಕಟ್ಟು ಬೀದಿಗಳಲ್ಲಿ ಬಸ್ಸನ್ನು ನೀರಿನಂತೆ ಹರಿಸಿದ್ದ. ಇಂಥ ಮಾವನಿಗೆ ಅಳಿಯನ ಮೇಲೆ ಪ್ರೀತಿ ಇತ್ತು, ಅಳಿಯನ ಕೆಲಸದ ಮೇಲೆ ಇರಲಿಲ್ಲ.

"ಕುಂತಾವರು ನಗತಾರ, ನೀವು ಗುಂಡಿ ಒತ್ತತೀರಿ. ಇದರಾಗ ದುಡಕಿ ಎಲ್ಲಿ ಬಂತ್ರಿ ಅಳಿಯಂದ್ರ?" ಎಂದು ಆತ ನಿಜವಾದ ಕುತೂಹಲದಿಂದಲೇ ಕೇಳುತ್ತಿದ್ದ.

"ಈಗ ಬರೇ ಗುಂಡಿ ಒತ್ತೂದಿಲ್ರಿ ಮಾವಾರ. ಫೋಟೋಶಾಪ್ ಕೆಲಸಾ ಭಾಳ ಇರತೈತ್ರಿ."

"ನಿಮ್ಮದು ಮೊದಲ ಫೋಟೋ ಶಾಪ್ ಐತೆಲ್ಲ. ಅದರಾಗ ಮತ್ತೊಂದ ಫೋಟೋಶಾಪ್ ಯಾಕ ಹಾಕೀರಿ?"

ಈ ಪ್ರಶ್ನೆಗೆ ಸಮಾಧಾನನಲ್ಲಿ ಸಮಾಧಾನ ಇರಲಿಲ್ಲ.

ಇನ್ನೊಂದು ತೊಡಕೂ ಇತ್ತು. ಮಾವನ ಹೆಸರು ಸತ್ತೆಪ್ಪ. ಅಳಿಯನಾದವನು ಮಾವನ ಹೆಸರು ಹಿಡಿದು ಕರೆಯುವುದುಂಟೇ? ಆದರೆ ಅರ್ಧ ದಿನದ ಕೆಲಸ ಸೇವ್ ಮಾಡುವ ಮೊದಲೇ ಕರೆಂಟ್ ಹೋದಾಗ ಮನುಷ್ಯನ ಬಾಯಿಂದ ಬರುವ ಮಾತು ಒಂದೇ.

"ಸತ್ತೆಪ್ಪಾ!" ಎಂದು ಸಮಾಧಾನ ತಲೆ ಹಿಡಿದುಕೊಳ್ಳುತ್ತಿದ್ದ.

"ಕರೆಂಟ್ ಹೋದ್ರ ನಮ್ಮಪ್ಪನ ಹೆಸರು ಯಾಕ ತಗೀತೀರಿ?" ಎಂದು ನೀಲಮ ಒಳಗಿನಿಂದ ಗುಡುಗುತ್ತಿದ್ದಳು.

ಇಂಥ ಮಾವನ ಬೀಳ್ಕೊಡುಗೆಗೆ ಕಾಗವಾಡದ ಸಮಾಜ ಮಂದಿರದ ಮುಂದೆ ಪೆಂಡಾಲ್ ಹಾಕಿ, ಊಟ ಹಾಕಿಸಿ, ದೊಡ್ಡದೊಂದು ಫ್ಲೆಕ್ಸ್ ಕಟ್ಟುವುದೆಂದು ಮನೆಯವರೆಲ್ಲ ಸೇರಿ ತೀರ್ಮಾನಿಸಿದ್ದರು. ಫ್ಲೆಕ್ಸಿನ ಹೊಣೆ ಸಹಜವಾಗಿ ಸಮಾಧಾನನ ಪಾಲಿಗೆ ಬಂತು. ಅವನ ಪಾಲಿಗೆ ಅದು ಬರೀ ಫ್ಲೆಕ್ಸ್ ಆಗಿರಲಿಲ್ಲ. ಗುಂಡಿ ಒತ್ತುವವನ ಕೆಲಸವೂ ಕೆಲಸವೇ ಎಂದು ಮಾವನ ಬಾಯಿಂದ ಒಮ್ಮೆಯಾದರೂ ಕೇಳಬೇಕೆಂಬ ಹಟವಾಗಿತ್ತು.

ಉಪಾಯ ಸಿಕ್ಕಿದ್ದು ಇಂಟರ್‌ನೆಟ್ ಸೆಂಟರಿನಲ್ಲಿ. ಆಗ ಒಂದು ಚಿತ್ರ ತೆರೆಯಬೇಕೆಂದರೆ ಮೇಲಿನಿಂದ ಗೆರೆಗೆರೆಯಾಗಿ ಇಳಿಯುತ್ತಿತ್ತು, ಹೊಸ ಸೊಸೆ ಮುಸುಕು ಸರಿಸಿದ ಹಾಗೆ. ಸಮಾಧಾನನ ಕಣ್ಣ ಮುಂದೆ ಮೊದಲು ಬಿಳಿಯ ಹೊಳಪೊಂದು ಇಳಿಯಿತು, ಆಮೇಲೆ ನೀಲಿ ಹೊಟ್ಟೆ, ಕೊನೆಗೆ ನೆಲದ ಮೇಲೆ ನೆರಳು. ನೋಡಿದರೆ ಗಾಜಿನ ಗುಂಡು! ಕೈಚಾಚಿದರೆ ಉರುಳಿ ಬರುವಂತಿತ್ತು. ಅದರೊಳಗೆ ಮರ, ಮನೆ, ಆಕಾಶ ಎಲ್ಲ ಇತ್ತು. ಖರೆ ಗುಂಡೇ ಅಲ್ಲವಂತೆ, ಯಾರೋ ಕಂಪ್ಯೂಟರಿನಲ್ಲಿ ಕೂತು ಮಾಡಿದ್ದಂತೆ. ಸಮಾಧಾನನ ಮೈ ಜುಮ್ಮೆಂದಿತು. ಇದರೊಳಗೆ ಮಾವ! ಮಾವನ ಜೊತೆ ಮಾವನ ಬಸ್ಸು! ಹಾರೂಗೇರಿಯಲ್ಲೇ ಇಂಥದ್ದನ್ನು ಯಾರೂ ಕಂಡಿಲ್ಲ, ಕಾಗವಾಡದಲ್ಲಂತೂ ಕನಸಿನಲ್ಲೂ ಕಂಡಿಲ್ಲ.

ಅಂದಿನಿಂದ ತಪಸ್ಸು ಆರಂಭವಾಯಿತು. ಮೊದಲ ಗುಂಡು ತಯಾರಾದಾಗ ನೀಲಮಳನ್ನು ಕರೆದು ತೋರಿಸಿದ.

"ಬದನಿಕಾಯಿ ಛಲೋ ಆಗೈತಿ" ಎಂದಳು ಅವಳು.

ಎರಡನೆಯದು ಉಳ್ಳಾಗಡ್ಡಿಯಾಯಿತು. ಅದರ ಮುಂದಿನದು ಸುಲಿದ ತತ್ತಿ. ದುಂಡಗೆ ಬಂದರೆ ಹೊಳೆಯುತ್ತಿರಲಿಲ್ಲ. ಹೊಳೆದರೆ ಗಾಜಾಗುತ್ತಿರಲಿಲ್ಲ, ಸ್ಟೀಲ್ ಆಗುತ್ತಿತ್ತು. ಒಂದು ಸಲ ಎಲ್ಲ ಸರಿಯಾಗಿ ಬಂದು, ಸಂತೋಷದಿಂದ ಹೆಂಡತಿಯನ್ನು ಕೂಗಿದ ಕ್ಷಣಕ್ಕೆ ಕರೆಂಟ್ ಹೋಗಿ, ಸತ್ತೆಪ್ಪನ ಹೆಸರು ಬೀದಿಯ ತನಕ ಕೇಳಿಸಿತು.

ಕೊನೆಗೆ ಸಮಾಧಾನನಿಗೆ ಜ್ಞಾನೋದಯವಾಯಿತು. ಖರೆ ಗಾಜನ್ನು ನೋಡದೆ ಸುಳ್ಳು ಗಾಜು ಮಾಡುವುದು ಹೇಗೆ? ಚಿಕ್ಕೋಡಿಗೆ ಹೋಗಿ, ಮೀನು ಸಾಕುವ ದುಂಡನೆಯ ಗಾಜಿನ ಬೋಗುಣಿಯನ್ನು ಎದೆಗವಚಿಕೊಂಡು, ಬಸ್ಸಿನಲ್ಲಿ ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಬಂದ.

"ಮೀನ ಎಲ್ಲಿ ಅದಾವ್ರಿ?" ಎಂದಳು ನೀಲಮ.

"ಮೀನಿಗೆ ತಂದಿಲ್ಲ. ಬೆಳಕಿಗೆ ತಂದೀನಿ."

"ಬೆಳಕು ಸಾಕತೀರಿ? ಅದಕ್ಕ ಕಾಳು ಏನು ಹಾಕಬೇಕು?"

ಮಾರನೆಯ ಬೆಳಿಗ್ಗೆ ಬೋಗುಣಿಯಲ್ಲಿ ನೀರು ತುಂಬಿ, ಬಿಸಿಲು ಬೀಳುವ ಕಿಟಕಿಯ ಕಟ್ಟೆಯ ಮೇಲಿಟ್ಟು, ಸಮಾಧಾನ ಅದರ ಮುಂದೆ ಪದ್ಮಾಸನ ಹಾಕಿದ. ಆಹಾ! ಬೆಳಕು ಒಂದು ಕಡೆಯಿಂದ ಒಳಗೆ ಹೋಗುತ್ತದೆ, ಹೊಳಪು ಅದರ ಎದುರಿನ ಕೆಳಗಿನ ಅಂಚಿನಲ್ಲಿ ಕೂರುತ್ತದೆ! ನೆರಳಿನ ನಡುವೆಯೂ ಬೆಳಕಿನ ಒಂದು ಚೂರು! ಇಲ್ಲೇ ತಾನು ಇಷ್ಟು ದಿನ ತಪ್ಪುತ್ತಿದ್ದೆನಲ್ಲ! ಓಡಿ ಹೋಗಿ ಕಂಪ್ಯೂಟರಿನಲ್ಲಿ ಹೊಳಪನ್ನು ಕೆಳಕ್ಕೆ ಸರಿಸುವುದು, ಓಡಿ ಬಂದು ಬೋಗುಣಿ ನೋಡುವುದು. ಹೀಗೆ ಅವನ ಓಡಾಟ ನಡೆದಾಗ ನೀಲಮ ಕಸಬರಿಗೆ ಹಿಡಿದು ಬಂದು, ಬೋಗುಣಿಯೊಳಗೆ ಇಣುಕಿ, ಬಿದ್ದು ಬಿದ್ದು ನಗತೊಡಗಿದಳು.

"ಇಲ್ಲಿ ಬರ್ರಿ, ಇಲ್ಲಿ ಬರ್ರಿ! ಇದರಾಗ ಸ್ಟ್ಯಾಂಡ್ ನೋಡ್ರಿ. ಬಸ್ಸೆಲ್ಲಾ ಗಾಲಿ ಮ್ಯಾಲ ಮಾಡಿ ನಿಂತಾವ! ಮಂದಿ ತಲಿ ಮ್ಯಾಲ ನಡ್ಯಾಕತ್ತಾರ!"

ಸಮಾಧಾನ ಇಣುಕಿದ. ಹೌದು! ಎದುರಿನ ಬಸ್‌ಸ್ಟ್ಯಾಂಡ್ ಪೂರ್ತಿ ತಲೆಕೆಳಗಾಗಿ, ಸಣ್ಣದಾಗಿ, ಮುದ್ದಾಗಿ ಗಾಜಿನೊಳಗೆ ತೂಗುತ್ತಿತ್ತು. ರಾಯಬಾಗದ ಬಸ್ಸು ಆಕಾಶದಲ್ಲಿ ಚಕ್ರ ತಿರುಗಿಸುತ್ತ ಹೊರಟಿತ್ತು. ಗಂಡ ಹೆಂಡತಿ ಇಬ್ಬರೂ ತಲೆಗೆ ತಲೆ ತಾಗಿಸಿ ಮಕ್ಕಳ ಹಾಗೆ ನೋಡುತ್ತ ನಿಂತುಬಿಟ್ಟರು. ಎಷ್ಟೋ ವರ್ಷಗಳ ಮೇಲೆ ನೆನೆಸಿಕೊಂಡಾಗಲೂ ಆ ಗಳಿಗೆ ಸಮಾಧಾನನಿಗೆ ಹಿತವೆನಿಸುತ್ತಿತ್ತು. ಏಕೆಂದರೆ ಅದರ ಮುಂದಿನ ಗಳಿಗೆ ಹಾಗಿರಲಿಲ್ಲ.

"ಏನೋ ಸುಟ್ಟ ವಾಸನಿ ಬರಾಕತ್ತೈತಿ" ಎಂದು ನೀಲಮ ಮೂಗು ಅರಳಿಸಿದಳು. ತಿರುಗಿ ನೋಡಿದರೆ ಕಿಟಕಿಗೆ ತಾಗಿದ್ದ ಮಂಚದ ಮೇಲಿಂದ ಸಣ್ಣಗೆ ಹೊಗೆ ಏಳುತ್ತಿತ್ತು. ಅಪ್ಪನ ಕಾರ್ಯಕ್ರಮಕ್ಕೆ ಉಡಲೆಂದು ಅವ್ವ ಕೊಟ್ಟಿದ್ದ ಇಳಕಲ್ ಸೀರೆಯನ್ನು ಅವಳು ಅಲ್ಲಿ ಗಾಳಿಗೆ ಹರವಿದ್ದಳು. ಮೇ ತಿಂಗಳ ಬಿಸಿಲು ಬೋಗುಣಿಯನ್ನು ಹೊಕ್ಕು, ಸೂಜಿಯಾಗಿ ಹೊರಬಂದು, ಸೆರಗಿನ ನಡುಮಧ್ಯೆ ಕೂತಿತ್ತು. ನೀಲಮ ಹಾರಿ ಸೀರೆ ಎತ್ತಿ ಕೊಡವಿದಳು. ಸೆರಗಿನಲ್ಲಿ ಪುಟಾಣಿ ಗಾತ್ರದ ದುಂಡನೆಯ ತೂತು!

"ಎಷ್ಟು ದುಂಡಗ ಆಗೈತಿ ನೋಡು" ಎಂದುಬಿಟ್ಟ ಸಮಾಧಾನ. ದುಂಡು ವಸ್ತುಗಳ ಧ್ಯಾನದಲ್ಲಿದ್ದವನ ಬಾಯಿತಪ್ಪು.

ಆಮೇಲೆ ಮನೆಯಲ್ಲಿ ಮಾತು ನಿಂತಿತು. ಊಟದ ತಾಟು ತನ್ನಷ್ಟಕ್ಕೆ ಬಂದು ಮುಂದೆ ಕೂರುತ್ತಿತ್ತು. "ಆ ಕಂಪ್ಯೂಟರ್ ಡಬ್ಬಿ ಕಡೆ ನಾ ಇನ್ನ ಹೊಳ್ಳಿ ಸೈತ ನೋಡೂದಿಲ್ಲ" ಎಂದು ನೀಲಮ ಶಪಥ ಮಾಡಿದಳು, ಮಾಡಿದಂತೆ ನಡೆದಳು ಕೂಡ. ಇಷ್ಟು ದಿನ ಬದನೆಕಾಯಿಯನ್ನು ಬದನೆಕಾಯಿ ಎಂದು ಹೇಳುತ್ತಿದ್ದ ಒಂದೇ ಒಂದು ಬಾಯಿ ಹೀಗೆ ಮುಚ್ಚಿಕೊಂಡಿತು. ಸಮಾಧಾನನ ತಲೆಯಲ್ಲಿ ಮಾತ್ರ ಒಂದೇ ಮಾತು ಗುಂಯ್‌ಗುಡುತ್ತಿತ್ತು. ಖರೆ ಗಾಜಿನ ಗುಂಡಿನಲ್ಲಿ ಎಲ್ಲ ಉಲ್ಟಾ ಕಾಣುತ್ತದೆ. ಹಾಗಾದರೆ ಸೀದಾ ತೋರಿಸಿದವನು ಕಳ್ಳ! ಉಲ್ಟಾ ತೋರಿಸಿದವನೇ ಕಲಾವಿದ!

ಮಾವ ಸ್ಟೇರಿಂಗ್ ಹಿಡಿದು ಕಿಟಕಿಯಿಂದ ನಗುತ್ತಿದ್ದ ಫೋಟೋ ಒಂದು ಅವನ ಹತ್ತಿರ ಇತ್ತು. ಇಡೀ ಬಸ್ಸು, ಚಕ್ರ, ಮುಂದಿನ ಬೋರ್ಡು ಸಮೇತ ತೆಗೆದದ್ದು. ಅದನ್ನು ತಿರುಗಿಸಿ ಗುಂಡಿನೊಳಗೆ ಕೂರಿಸಿದ. ಹೊಳಪು ಇಟ್ಟ. ನೆರಳು ಇಟ್ಟ. ನೆರಳಿನಲ್ಲಿ ಬೆಳಕಿನ ಚೂರು ಇಟ್ಟ. ಸುತ್ತ ಗುಲಾಬಿ ಹೂವಿನ ಅಂಚು ಹಾಕಿದ. ಕೆಳಗೆ ಸಾಲಾಗಿ ಶುಭ ಕೋರುವ ಬೀಗರ, ಭಾವಮೈದುನರ ಮುಖಗಳು, ಎಲ್ಲರಿಗೂ ಕರಿ ಕನ್ನಡಕ. ನಡುವೆ ದೊಡ್ಡಕ್ಷರಗಳಲ್ಲಿ, 'ಒಂದೂ ಅಪಘಾತವಿಲ್ಲದೆ ಸೇವೆ ಸಲ್ಲಿಸಿದ ಶ್ರೀ ಸತ್ತೆಪ್ಪನವರಿಗೆ ಹಾರ್ದಿಕ ಅಭಿನಂದನೆಗಳು.' ಕುರ್ಚಿಯಲ್ಲಿ ಹಿಂದೆ ಒರಗಿ ನೋಡಿದ. ಕಣ್ಣಲ್ಲಿ ನೀರು ಬಂತು. ಗಾಜು ಎಂದರೆ ಗಾಜು!

ಫ್ಲೆಕ್ಸ್ ಮುದ್ರಿಸುವ ಮಿಷನ್ನು ಮಿರಜಿನಲ್ಲಿತ್ತು. ಸಿಡಿ ಕಳಿಸಿದ ಮರುದಿನ ಅಲ್ಲಿಯವನ ಫೋನ್ ಬಂತು.

"ಅಹೋ ಫೋಟೋವಾಲೆ, ಗಾಡೀ ಉಲ್ಟೀ ಆಹೆ!" ಬಸ್ಸು ಉಲ್ಟಾ ಇದೆ ಎಂದು ಆತ ಎಚ್ಚರಿಸಿದ.

"ತಶೀಚ್ ಪಾಹಿಜೆ!" ಹಾಗೇ ಬೇಕು ಎಂದು ಸಮಾಧಾನ ಗರ್ಜಿಸಿದ.

"ಪನ್ ಲೋಕ ಹಸತೀಲ ನಾ!" ಜನ ನಗುತ್ತಾರಲ್ಲ ಎಂದು ಆತ ಕಳವಳಪಟ್ಟ.

"ಹಸೂ ದೇ!" ನಗಲಿ ಬಿಡು ಎಂದು ಕಲಾವಿದ ಫೋನ್ ಇಟ್ಟ. ಜನ ನಗುತ್ತಾರೆಂದು ಮಿರಜಿನವನು ತಪ್ಪಾಗಿ ತಿಳಿದಿದ್ದ. ಅವರು ಅತ್ತರು.

ಮಾವನ ಸೇವೆಯ ಕೊನೆಯ ದಿನ ಬಂತು. ಅವತ್ತೂ ಆತ ಡ್ಯೂಟಿಯ ಮೇಲಿದ್ದ. ಅಥಣಿಯಿಂದ ಮಿರಜಿಗೆ ಹೋಗಿ ಬರುವ ಗಾಡಿ. ಮಧ್ಯಾಹ್ನದ ಕೊನೆಯ ಟ್ರಿಪ್ಪಿನಲ್ಲಿ ಕಾಗವಾಡದ ಸ್ಟ್ಯಾಂಡಿನಲ್ಲೇ ಬಸ್ಸನ್ನು ಬೇರೆ ಡ್ರೈವರನಿಗೆ ಒಪ್ಪಿಸಿ ಇಳಿಯುವುದೆಂದು ಗೊತ್ತಾಗಿತ್ತು. ಫ್ಲೆಕ್ಸಿನ ಸುರುಳಿಯೂ ಬೆಳಗಿನ ಟ್ರಿಪ್ಪಿನಲ್ಲಿ ಮಿರಜಿನಿಂದ ಮಾವನ ಬಸ್ಸಿನಲ್ಲೇ ಬಂತು. ತನ್ನ ಬೆನ್ನ ಹಿಂದೆ ತಾನೇ ತಲೆಕೆಳಗಾಗಿ ಸುತ್ತಿಕೊಂಡು ಕೂತಿರುವುದು ತಿಳಿಯದೆ ಆತ ಹಾಡು ಗುನುಗುತ್ತ ಗಾಡಿ ಓಡಿಸಿದ್ದ. ಸುರುಳಿಯನ್ನು ಸ್ಟ್ಯಾಂಡಿನಲ್ಲಿ ಇಳಿಸಿಕೊಂಡವನು ಪೆಂಡಾಲ್ ಹಾಕುವ ಧೂಳಪ್ಪ.

ಹಾರೂಗೇರಿಯಿಂದ ಕುಡಚಿ ಸೇತುವೆ ದಾಟಿ, ಉಗಾರದ ಮೇಲೆ ಹಾಯ್ದು ಸಮಾಧಾನ ನೀಲಮ ಕಾಗವಾಡ ಮುಟ್ಟಿದಾಗ ಬಿಸಿಲು ಏರಿತ್ತು. ನೀಲಮ ಅದೇ ಇಳಕಲ್ ಸೀರೆ ಉಟ್ಟು, ತೂತು ಕಾಣದಂತೆ ಸೆರಗನ್ನು ಮಡಚಿ ಸೊಂಟಕ್ಕೆ ಅದುಮಿ ಹಿಡಿದಿದ್ದಳು. ಸಮಾಜ ಮಂದಿರದ ತಿರುವಿಗೆ ಬಂದು ಸಮಾಧಾನ ಎದೆಯುಬ್ಬಿಸಿ ಮೇಲೆ ನೋಡಿದ. ಎದೆ ಹಾಗೆಯೇ ಇಳಿಯಿತು.

ಬಸ್ಸು ಸೀದಾ ನಿಂತಿತ್ತು! ಉಳಿದದ್ದೆಲ್ಲ ಉಲ್ಟಾ! ಅಕ್ಷರಗಳು ಶೀರ್ಷಾಸನ ಹಾಕಿದ್ದವು. ಕರಿ ಕನ್ನಡಕದ ಭಾವಮೈದುನರೆಲ್ಲ ಮೇಲಿನ ಅಂಚಿಗೆ ಬಾವಲಿಗಳಂತೆ ಜೋತುಬಿದ್ದಿದ್ದರು.

"ಧೂಳಪ್ಪಾ! ಯಾರ ಹೇಳಿದ್ರು ನಿನಗ ಹಿಂಗ ಕಟ್ಟಾಕ?"

ಏಣಿಯ ಮೇಲಿದ್ದ ಧೂಳಪ್ಪ ಹೆಮ್ಮೆಯಿಂದಲೇ ಕೆಳಗೆ ನೋಡಿದ. "ಬಸ್ಸ ನೋಡಿ ಕಟ್ಟೀನ್ರಿ ಸಾಹೇಬ್ರ. ಗಾಲಿ ನೆಲಕ್ಕ ಬರಬೇಕಲ್ರಿ?"

"ಅಕ್ಷರ ಉಲ್ಟಾ ಅದಾವೋ ಮಾರಾಯಾ!"

"ಅಕ್ಷರ ಉಲ್ಟಾ ಆದ್ರ ಯಾರಿಗೂ ಏನೂ ಆಗೂದಿಲ್ರಿ. ಬಸ್ಸು ಉಲ್ಟಾ ಆದ್ರ ಹ್ಯಾಂಗ್ರಿ?"

"ನಿನಗ ಗಾಜಿನ ವಿಷಯ ತಿಳಿಯೂದಿಲ್ಲ. ತಿರುಗಿಸಿ ಕಟ್ಟು!"

ಧೂಳಪ್ಪ ಗೊಣಗುತ್ತ ಬಿಚ್ಚಿ, ತಿರುಗಿಸಿ ಕಟ್ಟಿದ. ಅಕ್ಷರಗಳು ಕಾಲ ಮೇಲೆ ನಿಂತವು, ಭಾವಮೈದುನರು ಕೆಳಗಿಳಿದರು, ಸತ್ತೆಪ್ಪನ ಬಸ್ಸು ಕಾಗವಾಡದ ಆಕಾಶದಲ್ಲಿ ಚಕ್ರ ಮೇಲೆ ಮಾಡಿ ಮಲಗಿತು. ಕಿಟಕಿಯಲ್ಲಿ ಮಾವ ತಲೆಕೆಳಗಾಗಿ ನಗುತ್ತಿದ್ದ. ಅದರಡಿಯಲ್ಲೇ 'ಒಂದೂ ಅಪಘಾತವಿಲ್ಲದೆ.'

ನೀಲಮ ಅದನ್ನು ಸರಿಯಾಗಿ ನೋಡಿದ್ದು ಅದೇ ಮೊದಲು. ಸೆರಗು ಕೈಯಿಂದ ಜಾರಿತು.

"ಏನ್ರಿ ಇದು?"

"ನೀನ ತೋರಿಸಿದ್ದಲ್ಲ, ಬೋಗುಣಿಯೊಳಗ? ಖರೇ ಗಾಜಿನಾಗ ಹಿಂಗ ಕಾಣೂದು!"

ನೀಲಮ ಬಾಯಿ ತೆರೆದಳು. ಆದರೆ ಆ ಬಾಯಿಂದ ಮಾತು ಬರುವ ಮೊದಲೇ ಹಿಂದಿನಿಂದ ಮತ್ತೊಂದು ಬಾಯಿ ತೆರೆಯಿತು.

"ಅಯ್ಯೋ ನನ ತಮ್ಮಾ!"

ಬೋರಗಾಂವದಿಂದ ಬಂದು ಟೆಂಪೋದಿಂದ ಇಳಿಯುತ್ತಿದ್ದ ಜನಾಬಾಯಿಯ ಕೂಗು ಅದು. ಸತ್ತೆಪ್ಪನ ಅಕ್ಕ. ಮುದುಕಿಗೆ ಅಕ್ಷರ ಬಾರದು, ಚಿತ್ರ ಕಾಣುತ್ತದೆ. ಮಗುಚಿದ ಬಸ್ಸು ಕಂಡಿತು, ಒಳಗೆ ತಮ್ಮ ಕಂಡ, ಸುತ್ತ ಹೂವು ಕಂಡವು. ಇನ್ನೇನು ಉಳಿಯಿತು? ಟೆಂಪೋದ ಪಕ್ಕದಲ್ಲೇ ಕುಸಿದು ಕೂತು ಎದೆ ಬಡಿದುಕೊಳ್ಳತೊಡಗಿದಳು.

ಕೂಗಿಗೆ ಒಳಗಿನಿಂದ ಹುಗ್ಗಿಯ ಸೌಟು ಹಿಡಿದೇ ಸಮಾಧಾನನ ಅತ್ತೆ ಸುಂದ್ರವ್ವ ಓಡಿ ಬಂದಳು. ಗಂಡನ ಅಕ್ಕ ಅಳುತ್ತಿದ್ದಾಳೆ, ಬೆರಳು ಮೇಲೆ ತೋರಿಸುತ್ತಿದೆ, ಮೇಲೆ ಬಸ್ಸು ಪಲ್ಟಿ. ಗಂಡ ಆ ಹೊತ್ತಿಗೆ ಮಿರಜಿನ ರಸ್ತೆಯಲ್ಲಿ ಬಸ್ಸಿನ ಮೇಲಿದ್ದಾನೆ. ಸುಂದ್ರವ್ವನ ಕೈಯಿಂದ ಸೌಟು ಬಿತ್ತು.

"ಅತ್ತ್ಯಾರ! ಏನೂ ಆಗಿಲ್ರಿ! ಇದು ಎಫೆಕ್ಟ್ರಿ! ಗ್ಲಾಸ್ ಎಫೆಕ್ಟ್!" ಎಂದು ಸಮಾಧಾನ ಅರಚಿದ.

"ಏನಂತ?" ಎಂದರು ಹಿಂದೆ ನಿಂತ ಹೆಂಗಸರು.

"ಆಕ್ಸಿಡೆಂಟ್ ಅಂತ. ಗ್ಲಾಸ್ ಒಡದಾವಂತ. ಅಳಿಯಂದ್ರ ಹೇಳಾಕತ್ತಾರ!"

ಅಳಿಯನೇ ಹೇಳಿದ ಮೇಲೆ ಸಂಶಯವೆಲ್ಲಿ? ಅಳು ಓಣಿಯ ತುಂಬ ಹಬ್ಬಿತು. ಅಡುಗೆಯವರು ಒಲೆಯಿಂದ ಕಟ್ಟಿಗೆ ಹಿರಿದರು. ಸ್ವಾಗತಕ್ಕೆಂದು ಬಂದಿದ್ದ ಬೆಂಜೋ ಪಾರ್ಟಿಯವರು ತಮ್ಮ ತಮ್ಮಲ್ಲೇ ಪಿಸುಗುಟ್ಟಿ, ಕುಣಿಯುವ ಹಾಡು ಬಿಟ್ಟು, ನಿಧಾನಕ್ಕೆ ಭಜನೆ ಎತ್ತಿಕೊಂಡರು. ಇಡೀ ಕಾಗವಾಡ ಬಾಯಿ ತೆರೆದಿತ್ತು. ಸಮಾಧಾನ ಒಬ್ಬರಿಂದ ಇನ್ನೊಬ್ಬರ ಬಳಿಗೆ ಓಡಾಡಿ ಹೊಳಪು, ನೆರಳು, ಬೋಗುಣಿ ಎಂದು ವಿವರಿಸಿದಷ್ಟೂ, ಪಾಪ, ಮಾವನ ದುಃಖದಲ್ಲಿ ತಲೆ ಕೆಟ್ಟಿದೆ ಎಂದು ಜನ ಅವನ ಬೆನ್ನು ಸವರಿದರು. ನೀಲಮ ಅವ್ವನನ್ನು ಹಿಡಿದು ಅಲುಗಿಸುತ್ತ, "ಅವ್ವಾ, ಅಪ್ಪಗ ಏನೂ ಆಗಿಲ್ಲ ಬೇ! ಇದು ಇವರು ಮಾಡಿದ್ದು!" ಎಂದಳು. "ಅಳಿಯಂದ್ರು ಯಾಕ ಹಿಂಗ ಮಾಡಿದ್ರವ್ವಾ!" ಎಂದು ಸುಂದ್ರವ್ವ ಇನ್ನೂ ಜೋರಾಗಿ ಅತ್ತಳು.

ಆಗ ಸತ್ತೆಪ್ಪ ಬಂದ.

ಸ್ಟ್ಯಾಂಡಿನಲ್ಲಿ ಗಾಡಿ ಒಪ್ಪಿಸಿ, ಪ್ರಯಾಣಿಕರು ಹಾಕಿದ ಹಾರ ಕೊರಳಲ್ಲಿಟ್ಟುಕೊಂಡು, ಖಾಕಿಯಲ್ಲೇ ನಡೆದು ಬಂದ. ತಿರುವಿನಲ್ಲಿ ನೋಡಿದರೆ ತನ್ನ ಬಳಗವೆಲ್ಲ ರಸ್ತೆಯಲ್ಲಿ ಕೂತು ಅಳುತ್ತಿದೆ. ಯಾರೋ ತಮ್ಮವರು ಹೋಗಿದ್ದಾರೆ! ಆತ ಮೇಲೆ ಕಟ್ಟಿದ್ದ ಫ್ಲೆಕ್ಸನ್ನು ನೋಡದೆಯೇ ಮೆಲ್ಲಗೆ ಹಾರ ತೆಗೆದ. ಯಾರನ್ನೂ ಕೇಳಲಿಲ್ಲ. ಗಂಡಸರ ಗುಂಪಿನ ಹಿಂದೆ ನೆಲದ ಮೇಲೆ ಕೂತು, ಮುಖಕ್ಕೆ ಟವೆಲ್ ಒತ್ತಿಕೊಂಡು ಅತ್ತ. ಹೊಟ್ಟೆಯ ಆಳದಿಂದ, ಭುಜ ಕುಲುಕುವಂತೆ ಅತ್ತ. ಎಷ್ಟೋ ಹೊತ್ತಿನ ಮೇಲೆ ಮೂಗು ಒರೆಸಿಕೊಂಡು ಪಕ್ಕದವನನ್ನು ಕೇಳಿದ.

"ಯಾರ ಹ್ವಾದ್ರಪಾ?"

"ಸತ್ತೆಪ್ಪ" ಎಂದ ಆತ, ಅಳುತ್ತ, ತಲೆ ಎತ್ತದೆ.

"ಯಾವ ಸತ್ತೆಪ್ಪ?"

"ಯಾವ ಸತ್ತೆಪ್ಪ ಅಂತೀಯಲ್ಲೋ, ನಮ್ಮ ಡ್ರೈವರ..." ಎಂದು ತಲೆ ಎತ್ತಿದವನು ಕೂತಲ್ಲಿಂದಲೇ ಹಿಂದಕ್ಕೆ ಹಾರಿದ.

ಮುಂದಿನದನ್ನು ಹೇಳುವುದು ಕಷ್ಟ. ಜನಾಬಾಯಿ ತಮ್ಮನ ಮುಖ, ಕೈ, ಕಾಲು ಎಲ್ಲ ಮುಟ್ಟಿ ಮುಟ್ಟಿ ನೋಡಿದಳು. ಸುಂದ್ರವ್ವ ಕಣ್ಣೊರೆಸಿಕೊಂಡಳು, ಕೂದಲು ಕಟ್ಟಿಕೊಂಡಳು, ಬಿದ್ದಿದ್ದ ಸೌಟನ್ನು ಎತ್ತಿಕೊಂಡಳು. ಆಮೇಲೆ ಅತ್ಯಂತ ಮರ್ಯಾದೆಯಿಂದ,

"ಅಳಿಯಂದ್ರು ಎಲ್ಲಿ ಅದಾರ?" ಎಂದು ಕೇಳಿದಳು.

ಅಳಿಯಂದಿರು ಪೆಂಡಾಲಿನ ಕಂಬದ ಹಿಂದಿದ್ದರು. ಸತ್ತೆಪ್ಪನೇ ಕರೆದ. ಅವನು ಬಂದು ನಿಂತ. ಸತ್ತೆಪ್ಪ ಫ್ಲೆಕ್ಸನ್ನು ಮೇಲಿನಿಂದ ಕೆಳಗಿನ ತನಕ ನೋಡಿದ. ಅಕ್ಷರಗಳನ್ನು ತುಟಿಯಾಡಿಸುತ್ತ ಓದಿದ. ಮತ್ತೆ ಬಸ್ಸು ನೋಡಿದ.

"ಗಾಜಿನ ಗುಂಡಿನಾಗ ನೋಡಿದ್ರ ಹಂಗ ಕಾಣೂದ್ರಿ ಮಾವಾರ..." ಎಂದ ಸಮಾಧಾನ.

"ಸರ್ವಿಸ್ ಪೂರ್ತಿ ನನ್ನ ಕಡಿಂದ ಆಗದ್ದನ್ನ ನೀವು ಕುರ್ಚಿ ಮ್ಯಾಲ ಕುಂತ ಮಾಡಿದ್ರೆಲ್ಲ ಅಳಿಯಂದ್ರ!" ಎಂದ ಸತ್ತೆಪ್ಪ. "ಬಸ್ ಪಲ್ಟಿ ಹೊಡಿಸಿಬಿಟ್ರಿ!"

ಸತ್ತೆಪ್ಪನ ಬಿಳಿ ಮೀಸೆ ಅದುರಿತು. ಆಮೇಲೆ ಆತ ನಕ್ಕ ನಗುವಿಗೆ ಪೆಂಡಾಲಿನ ಬಟ್ಟೆ ಅಲುಗಿತು. ಇಡೀ ಓಣಿ ನಕ್ಕಿತು. ನಗುತ್ತಲೇ ಆತ ಫ್ಲೆಕ್ಸಿಗೆ ಬೆನ್ನು ಮಾಡಿ ನಿಂತು, ನಡು ಬಗ್ಗಿಸಿ, ಎರಡು ಕಾಲುಗಳ ನಡುವಿನಿಂದ ಹಿಂದೆ ನೋಡಿದ.

"ಬರ್ರಿ, ಹಿಂಗ ನೋಡ್ರಿ! ಸೀದಾ ಐತಿ! ಸ್ಟೇರಿಂಗ್ ಸೈತ ಕಾಣತೈತಿ!"

ಬೀಗರು ಬಗ್ಗಿದರು. ಬೆಂಜೋದವರು ಬಗ್ಗಿದರು. ಆಗಷ್ಟೇ ಸ್ಟ್ಯಾಂಡಿನಿಂದ ಸತ್ಕಾರಕ್ಕೆ ಬಂದ ಮುಖ್ಯ ಅತಿಥಿಗಳಿಗೆ ಮೊದಲು ಕಂಡದ್ದು, ಕಾಲುಗಳ ನಡುವೆ ತಲೆ ತೂರಿಸಿ ಬಗ್ಗಿ ನಿಂತ ಕಾಗವಾಡದ ಹಿರಿಯರು.

ಊಟದ ಹೊತ್ತಿಗೆ ಮಾವ ಅಳಿಯನನ್ನು ಪಕ್ಕದಲ್ಲಿ ಕೂರಿಸಿಕೊಂಡ. ಹುಗ್ಗಿಗೆ ತುಪ್ಪ ತಾನೇ ಸುರಿದ. ಆಮೇಲೆ ಬೇರೆ ಯಾರಿಗೂ ಕೇಳದಂತೆ ಹೇಳಿದ.

"ಗಾಡಿ ಬಿಟ್ಟು ಇಳಿಯೂವಾಗ ಜೀವಕ್ಕ ಭಾಳ ಸಂಕಟ ಆಗಿತ್ರಿ. ಆ ಸೀಟಿನ ಮ್ಯಾಲ ಇನ್ನೊಬ್ಬಾವ ಕುಂತ. ಅಳಬೇಕಂದ್ರ ಮಂದಿಯಾಗ ನಾಚಿಕಿ. ಇಲ್ಲಿ ಬಂದ್ರ ಎಲ್ಲಾರೂ ಅಳಾಕತ್ತಿದ್ರಿ. ನಾನೂ ಅತ್ತೆ. ಎದಿ ಹಗುರಾತ್ರಿ." ತಾಟಿನ ಮೇಲೆ ಆತನ ಎರಡೂ ಕೈಗಳು ಇನ್ನೂ ಸ್ಟೇರಿಂಗಿನ ಅಗಲಕ್ಕೇ ಇದ್ದವು. "ಹಿಂಗ ಅಳಿಸೂದು ಬರೇ ಗುಂಡಿ ಒತ್ತಾವರಿಂದ ಆಗೂದಿಲ್ಲ ಬಿಡ್ರಿ."

ಸಮಾಧಾನ ಇನ್ನೊಂದು ಸೌಟು ಹುಗ್ಗಿ ಹಾಕಿಸಿಕೊಂಡ. ಇಷ್ಟು ವರ್ಷ ಕಾದ ಮಾತು ಬಂದಿತ್ತು, ಹೇಗೋ ಒಂದು ದಾರಿಯಿಂದ.

ಊಟ ಮುಗಿದ ಮೇಲೆ ನೀಲಮ ಬಂದಳು. ಅಪ್ಪನಿಗೆ ಶಾಲು ಹೊದಿಸಿ ಕೂರಿಸಿದ್ದಾಳೆ, ಅವ್ವ ಪಕ್ಕದಲ್ಲಿ ಇದ್ದಾಳೆ, ಜನಾಬಾಯಿ ಅತ್ತ ಮುಖ ತೊಳೆದು ತಯಾರಾಗಿದ್ದಾಳೆ.

"ಬರ್ರಿ, ಎಲ್ಲಾರದೂ ಒಂದು ಫೋಟೋ ತಗೀರಿ."

ಸಮಾಧಾನ ಹೆಗಲಿಗೆ ಕೈ ಹಾಕಿದ. ಹೆಗಲು ಇತ್ತು, ಚೀಲ ಇರಲಿಲ್ಲ. ಇಡೀ ತಿಂಗಳು ಗಾಜಿನ ಗುಂಡಿನ ಧ್ಯಾನದಲ್ಲಿ ಮುಳುಗಿದ ಫೋಟೋಗ್ರಾಫರ್ ಕ್ಯಾಮೆರಾವನ್ನು ಹಾರೂಗೇರಿಯ ಗೂಟಕ್ಕೆ ತೂಗುಹಾಕಿ ಬಂದಿದ್ದ!

ನೀಲಮ ಹಣೆ ಚಚ್ಚಿಕೊಂಡಳು. ಕೊನೆಗೆ ಕಾಗವಾಡದ ಫೋಟೋಗ್ರಾಫರ್ ಮಾಳಸಿದ್ದನಿಗೆ ಹೇಳಿಕಳಿಸಿದರು. ಅವನು ಬಂದು ಎಲ್ಲರನ್ನೂ ನಿಲ್ಲಿಸಿ, "ಕಡೀಗೆ ನಿಂತಾವರು ಸ್ವಲ್ಪ ನಗ್ರಿ" ಎಂದ. ಕಡೆಗೆ ನಿಂತವನು ಸಮಾಧಾನ. ಜೀವನದಲ್ಲಿ ಮೊದಲ ಸಲ ಆ ಮಾತನ್ನು ಎದುರಿನಿಂದ ಕೇಳಿಸಿಕೊಂಡ. ನಗುವುದೂ ಒಂದು ದುಡಿಮೆಯೇ ಎಂದು ಆಗ ಗೊತ್ತಾಯಿತು.

ಈಗ ಕೈಯಲ್ಲಿನ ಫೋನು ಕಣ್ಣು ಮಿಟುಕಿಸುವುದರಲ್ಲಿ ಯಾರನ್ನು ಬೇಕಾದರೂ ಗಾಜಿನ ಗುಂಡಿನಲ್ಲಿ ತುಂಬಿ ಕೊಡುತ್ತದೆ. ಗೂನು ಬೆನ್ನಿನ ಆ ಕಂಪ್ಯೂಟರ್ ಗುಜರಿಗೆ ಹೋಯಿತು, ನೀಲಮಳ ಕಸೂತಿಯ ಮುಸುಕು ಮಾತ್ರ ಉಳಿದಿದೆ. ಫ್ಲೆಕ್ಸ್ ಬಹಳ ಮಳೆಗಾಲ ಮೇವಿನ ಬಣವೆಗೆ ಹೊದಿಕೆಯಾಗಿತ್ತು. ಗುಲಾಬಿ ಮಾಸಿತು, ಭಾವಮೈದುನರ ಕನ್ನಡಕ ಮಾಸಿತು, ಗಾಜಿನ ಹೊಳಪು ಮಾತ್ರ ಮಾಸಲಿಲ್ಲ. ಸಮಾಧಾನ ಅದನ್ನು ನೋಡಿದಾಗಲೆಲ್ಲ ಮನಸ್ಸಿನಲ್ಲೇ ತನ್ನ ಬೆನ್ನು ತಟ್ಟಿಕೊಳ್ಳುತ್ತಿದ್ದ, ಯಾರೂ ನೋಡದಾಗ.

ಬಹಿರಂಗವಾಗಿ ತಟ್ಟಿಕೊಳ್ಳುವ ದಾರಿ ಫ್ಲೆಕ್ಸ್ ಕಟ್ಟಿದ ವರ್ಷದ ಮಳೆಗಾಲದಲ್ಲೇ ಮುಚ್ಚಿಹೋಗಿತ್ತು. ಮಾಳಸಿದ್ದನ ಆಲ್ಬಮ್ ಬಂದಿದೆ, ನೋಡಲು ಬರ್ರಿ ಎಂದು ಮಾವ ಫೋನ್ ಮಾಡಿದ್ದ. ಗಂಡ ಹೆಂಡತಿ ಹೋದರು. ಪಡಸಾಲೆಯಲ್ಲಿ ಓಣಿಯ ಅರ್ಧ ಜನ ನೆರೆದಿದ್ದರು. ಸತ್ತೆಪ್ಪ ಆಲ್ಬಮನ್ನು ಎರಡೂ ಕೈಯಿಂದ ಎತ್ತಿ ಅಳಿಯನ ಮುಂದೆ ಹಿಡಿದ.

ಹೊದಿಕೆಯ ಮೇಲೆ ದೊಡ್ಡದೊಂದು ಗಾಜಿನ ಗುಂಡು! ಒಳಗೆ ಮಾವ, ಅತ್ತೆ, ಜನಾಬಾಯಿ, ನೀಲಮ, ಕಡೆಗೆ ಹಲ್ಲುಬಿಟ್ಟ ಸಮಾಧಾನ. ಎಲ್ಲರೂ ಸೀದಾ! ಹೊಳಪೂ ಎಡಕ್ಕೆ, ನೆರಳೂ ಎಡಕ್ಕೆ. ಅದು ಗಾಜೇ ಅಲ್ಲ, ಸಾಬೂನಿನ ಗುಳ್ಳೆ. ಖರೆ ಗುಂಡಿನಲ್ಲಿ ಹೀಗೆ ಎಂದೆಂದೂ ಕಾಣದು! ಹೇಳಬೇಕೆಂದು ಸಮಾಧಾನ ಬಾಯಿ ತೆರೆದ. ನೀಲಮ ಅವನ ಕಾಲಿನ ಹೆಬ್ಬೆರಳನ್ನು ತನ್ನ ಹಿಮ್ಮಡಿಯಿಂದ ಒತ್ತಿದಳು. ಬಾಯಿ ಮುಚ್ಚಿತು.

"ನೋಡ್ರಿ, ಎಷ್ಟ ಚಂದ ಮಾಡ್ಯಾನ!" ಎಂದ ಸತ್ತೆಪ್ಪ, ತುಂಬು ಅಂತಃಕರಣದಿಂದ. "ನೀವೂ ಭಾಳ ಒದ್ದಾಡಿದ್ರಿ ಪಾಪ, ನಿಮಗ ಬರಲಿಲ್ಲ. ಇರಲಿ. ಮಾಳಸಿದ್ದ ನಮ್ಮ ಹುಡುಗ ಅದಾನ, ನಾ ಹೇಳತೀನಿ. ಒಂದ ನಾಕ ದಿನ ಇಲ್ಲೇ ಇದ್ದು ಅವನ ಹಂತ್ಯಾಕ ಕಲ್ಕೊಂಡ ಹೋಗ್ರಿ ಅಳಿಯಂದ್ರ!"

"ಆಗಲ್ರಿ ಮಾವಾರ" ಎಂದ ಸಮಾಧಾನ.